ಕರೆ ಬಂದರೆ ತವರು, ರಜೆ ಬಂದರೆ ಊರು

ಭಾದ್ರಪದ ಶುದ್ಧ ತದಿಗೆಯಂದು ಗೌರಿ ತವರಿಗೆ ಬರುತ್ತಾಳೆ. ಮರುದಿನ ಚೌತಿಗೆ ಮಗ ಗಣೇಶ ಬಂದು ಅವಳನ್ನು ಕೈಲಾಸಕ್ಕೆ ಕರೆದೊಯ್ಯುತ್ತಾನೆ. ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಗೌರಿ ಗಣೇಶ ಹಬ್ಬದ ಕತೆ ಹೇಳುವುದೇ ಹೀಗೆ. ಶಿವನ ಮಡದಿಗೂ ವರ್ಷಕ್ಕೊಮ್ಮೆ ಹುಟ್ಟಿದ ಮನೆ ಬೇಕು ಎನ್ನುವುದು ಆ ಕತೆಯ ಒಳಮಾತು. ಅದೇ ಹಬ್ಬಕ್ಕೆ ಈಗ ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಸಾವಿರಾರು ಜನ ಬಸ್ಸು ಹತ್ತಿ ಊರಿಗೆ ಹೊರಡುತ್ತಾರೆ. ಶನಿವಾರ, ಭಾನುವಾರಗಳ ಜೊತೆಗೆ ಹಬ್ಬದ ರಜೆಯೂ ಕೂಡಿಬಂದರಂತೂ ಸಾರಿಗೆ ಸಂಸ್ಥೆ ಹೆಚ್ಚುವರಿ ಬಸ್ಸು ಬಿಡಬೇಕಾಗುತ್ತದೆ, ರೈಲಿನ ಸೀಟುಗಳು ಬಹಳ ಮೊದಲೇ ಭರ್ತಿಯಾಗಿರುತ್ತವೆ. ಮೇಲ್ನೋಟಕ್ಕೆ ಎರಡೂ ಒಂದೇ ಬಗೆಯ ಪಯಣ. ಗೌರಿ ಇರುವುದೂ ಎರಡು ದಿನ, ಇವರು ಇರುವುದೂ ಎರಡು ಮೂರು ದಿನ. ಆದರೆ ಈ ಎರಡು ಪಯಣಗಳ ಚರಿತ್ರೆ ಬೇರೆ ಬೇರೆ. ಅವನ್ನು ಬಿಡಿಸಿ ನೋಡದಿದ್ದರೆ ನಾವು ಉಳಿಸಿಕೊಂಡದ್ದೇನು, ಕಳೆದುಕೊಂಡದ್ದೇನು ಎಂಬ ಲೆಕ್ಕವೇ ತಪ್ಪುತ್ತದೆ.

ಹಬ್ಬಕ್ಕೆ ಊರಿಗೆ ಹೋಗುವುದು ಅನಾದಿ ಕಾಲದ ಪದ್ಧತಿ, ನಗರದ ಬದುಕು ಅದನ್ನು ಎರಡು ದಿನಕ್ಕೆ ಇಳಿಸಿ ಕೆಡಿಸಿತು ಎಂಬ ಮಾತು ಪ್ರತಿ ಹಬ್ಬದಲ್ಲೂ ಕೇಳಿಬರುತ್ತದೆ. ಈ ಮಾತನ್ನು ಚರಿತ್ರೆ ಒಪ್ಪುವುದಿಲ್ಲ. ಗಂಡು ಹೆಣ್ಣೆನ್ನದೆ ಸಂಸಾರವೆಲ್ಲ ರಜೆ ನೋಡಿಕೊಂಡು ಊರಿಗೆ ಹೋಗಿಬರುವ ಪದ್ಧತಿಗೆ ಹೆಚ್ಚೆಂದರೆ ನೂರ ನಲವತ್ತು ವರ್ಷ ವಯಸ್ಸು. ರೈಲು, ಸಂಬಳದ ಕೆಲಸ, ರಜೆಯ ಕಾನೂನು, ಸರ್ಕಾರಿ ಬಸ್ಸು ಇವೆಲ್ಲ ಸೇರಿ ಅದನ್ನು ಕಟ್ಟಿದವು. ಅದಕ್ಕಿಂತ ಬಹಳ ಹಳೆಯದಾದ ಹಬ್ಬದ ಪಯಣ ಇನ್ನೊಂದಿತ್ತು. ಅದು ಮದುವೆಯಾಗಿ ಹೋದ ಹೆಣ್ಣುಮಗಳದು. ಹೊಸ ಪದ್ಧತಿ ಹಳೆಯದರ ಹಂಬಲವನ್ನೆಲ್ಲ ತನ್ನದಾಗಿಸಿಕೊಂಡಿತು, ಅದರ ಒಡತಿಯನ್ನು ಮಾತ್ರ ಹಿಂದೆ ಬಿಟ್ಟಿತು. ಕಳೆದುಕೊಂಡದ್ದು ಏನಾದರೂ ಇದ್ದರೆ ಅದು ಇಲ್ಲಿದೆ ಎಂಬುದೇ ಈ ಲೇಖನದ ವಾದ.

ಹಳೆಯ ಪಯಣದ ಸಾಕ್ಷ್ಯ ನಮ್ಮ ಪಂಚಾಂಗದಲ್ಲೇ ಇದೆ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂದು ಹೊಸ ಮದುವಣಗಿತ್ತಿಯನ್ನು ತವರಿಗೆ ಕಳಿಸುತ್ತಾರೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ ತುಳುನಾಡಿನವರು ಮದುಮಗಳನ್ನು ತವರಿಗೆ ಕರೆಸಿ ‘ಆಟಿ ಕುಳ್ಳಿರಿಸು’ತ್ತಾರೆ. ಆಷಾಢ ಮುಗಿಯುವ ಭೀಮನ ಅಮಾವಾಸ್ಯೆಯಂದು ಅಣ್ಣತಮ್ಮಂದಿರು ಮೊಣಕೈಯಿಂದ ಭಂಡಾರ (ನಾಣ್ಯ ಹುದುಗಿಸಿದ ಕಡುಬು) ಒಡೆದು ಅಕ್ಕತಂಗಿಯರಿಗೆ ಉಡುಗೊರೆ ಕೊಡುತ್ತಾರೆ. ಶ್ರಾವಣದ ಐದನೇ ದಿನ ನಾಗರ ಪಂಚಮಿ. ಉತ್ತರ ಕರ್ನಾಟಕದಲ್ಲಿ ಅದು ನಾಗಪ್ಪನ ಹಬ್ಬ ಎಷ್ಟೋ ಹೆಣ್ಣುಮಕ್ಕಳ ಹಬ್ಬವೂ ಅಷ್ಟೇ. ಅಣ್ಣನೋ ತಮ್ಮನೋ ಚಕ್ಕಡಿ ಹೂಡಿಕೊಂಡು ಕರೆಯಲು ಹೋಗಬೇಕು. ಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಸಿದ್ಧವಾಗಬೇಕು. ಊರಿನ ಮರಗಳಿಗೆ ಜೋಕಾಲಿ ಬೀಳಬೇಕು. ದಕ್ಷಿಣದಲ್ಲಿ ಗೌರಿ ಹಬ್ಬಕ್ಕೆ ಮೊರದ ಬಾಗಿನ: ಅಕ್ಕಿ, ಬೇಳೆ, ಬೆಲ್ಲ, ಅರಿಸಿನ ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ. ಮಗಳು ಬರಲಾಗದಿದ್ದರೆ ಬಾಗಿನವೇ ಅವಳ ಮನೆಗೆ ಹೋಗಬೇಕು, ಇಲ್ಲವೇ ಬಾಗಿನದ ದುಡ್ಡಾದರೂ ತಲುಪಬೇಕು. ಈ ಹಬ್ಬಗಳೆಲ್ಲ ಸಾಲಾಗಿ ಬರುವ ಕಾಲವನ್ನೂ ಗಮನಿಸಬೇಕು. ಬಯಲುಸೀಮೆಯಲ್ಲಿ ಮುಂಗಾರಿ ಬಿತ್ತನೆ ಮುಗಿದಿರುತ್ತದೆ, ಹಿಂಗಾರಿ ಇನ್ನೂ ದೂರವಿರುತ್ತದೆ. ಕರಾವಳಿಯಲ್ಲಿ ನಾಟಿ ಮುಗಿದು ಮಳೆ ಜಡಿ ಹಿಡಿದಿರುತ್ತದೆ. ಗಂಡನ ಮನೆ ಒಂದು ದುಡಿಯುವ ಜೀವವನ್ನು ಒಂದಿಷ್ಟು ದಿನ ಬಿಟ್ಟುಕೊಡಬಹುದಾದ ಬಿಡುವು ಅದು.

ಈ ಪಯಣಕ್ಕೆ ಎರಡು ಗುಣಗಳಿದ್ದವು. ಮೊದಲನೆಯದು ಕರೆ. ಕರೆಯದೆ ಮಗಳು ಬರುವಂತಿರಲಿಲ್ಲ, ಮಗಳನ್ನು ಕರೆಯದೆ ತವರು ಇರುವಂತಿರಲಿಲ್ಲ. ಪಂಚಮಿಗೆ ತಂಗಿಯನ್ನು ಕರೆಯದ ಅಣ್ಣನನ್ನು ಊರು ಆಡಿಕೊಳ್ಳುತ್ತಿತ್ತು. ಕರೆ ಬರದ ಸೊಸೆಯ ಮಾನ ಅತ್ತೆಮನೆಯಲ್ಲಿ ಇಳಿಯುತ್ತಿತ್ತು. ಹೀಗೆ ಬರೆದಿಡದ ಒಂದು ಕಟ್ಟಳೆ ಎರಡೂ ಮನೆಗಳನ್ನು ಹಿಡಿದಿಟ್ಟಿತ್ತು. ಎರಡನೆಯದು ಅವಧಿ. ಕರೆದುಕೊಂಡು ಬಂದ ಮಗಳನ್ನು ಮರುದಿನವೇ ಕಳಿಸುವ ಮಾತಿರಲಿಲ್ಲ. ವಾರ, ಹದಿನೈದು ದಿನ, ಆಷಾಢವಾದರೆ ಇಡೀ ತಿಂಗಳು. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದ ತ್ರಿಪದಿಗಳನ್ನು ಓದಿದವರಿಗೆ ಇದು ತಿಳಿದ ಸಂಗತಿ. ಬೀಸುಕಲ್ಲಿನ ಮುಂದೆ ಹುಟ್ಟಿದ ಆ ಹಾಡುಗಳಲ್ಲಿ ತವರಿನ ದಾರಿ ನೋಡುವವಳು ಹೆಣ್ಣು, ಕರೆಯಲು ಬರುವವನು ಅಣ್ಣ, ಕಳಿಸುವಾಗ ಕಣ್ಣೀರು ಒರೆಸಿಕೊಳ್ಳುವವಳು ಹಡೆದವ್ವ. ಊರು ಬಿಟ್ಟ ಗಂಡುಮಗ ರಜೆ ಹಾಕಿ ಹಬ್ಬಕ್ಕೆ ಮರಳುವ ಚಿತ್ರ ಆ ಲೋಕದ್ದಲ್ಲ, ಏಕೆಂದರೆ ಅಂಥ ಮಗ ಆ ಲೋಕದಲ್ಲಿ ಅಪರೂಪ.

ಅಪರೂಪವಾಗಿದ್ದಕ್ಕೆ ಕಾರಣ ಸರಳ. ಹೆಚ್ಚಿನ ಗಂಡಸರು ಹುಟ್ಟಿದ ಊರಿನಲ್ಲೇ ಬಾಳುತ್ತಿದ್ದರು. ಮರಳಲು ಮೊದಲು ಹೊರಡಬೇಕಲ್ಲ. ಸಂಬಂಧಗಳೂ ಹತ್ತಿರದಲ್ಲೇ ಇರುತ್ತಿದ್ದವು. ಉತ್ತರ ಭಾರತದಲ್ಲಿ ಹೆಣ್ಣನ್ನು ದೂರದ, ಅಪರಿಚಿತ ಮನೆಗೆ ಕೊಡುವ ವಾಡಿಕೆ, ದಕ್ಷಿಣದಲ್ಲಿ ಬಳಗದೊಳಗೇ ಕೊಟ್ಟು ತರುವ ವಾಡಿಕೆ ಎಂಬ ವ್ಯತ್ಯಾಸವನ್ನು ಇರಾವತಿ ಕರ್ವೆ 1953ರಲ್ಲಿ ಪ್ರಕಟಿಸಿದ ಭಾರತೀಯ ಬಂಧುತ್ವದ ಅಧ್ಯಯನದಲ್ಲಿ ವಿವರವಾಗಿ ಬರೆದಿದ್ದಾರೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟ ಮಗಳು ಇರುವುದು ಒಂದು ದಿನದ ಬಂಡಿ ದಾರಿಯಲ್ಲಿ, ಅಂದರೆ ಹತ್ತು ಹದಿನೈದು ಮೈಲಿಯೊಳಗೆ. ನಡುವೆ ಸಂತೆಯಲ್ಲಿ, ಜಾತ್ರೆಯಲ್ಲಿ ಬೀಗರು ಮುಖ ನೋಡುತ್ತಿದ್ದರು, ಸುದ್ದಿ ದಾಟಿಸುತ್ತಿದ್ದರು. ಇನ್ನು ಬಿಡುವಿನ ಲೆಕ್ಕವೇ ಬೇರೆ. ಸೋಮವಾರ ಬಸವಣ್ಣನ ವಾರವೆಂದು ಎಷ್ಟೋ ಹಳ್ಳಿಗಳಲ್ಲಿ ಎತ್ತು ಹೂಡುವುದಿಲ್ಲ. ಅಮಾವಾಸ್ಯೆಗೆ ಹಲವು ಕಸುಬಿನವರು ಉಳಿ, ಸುತ್ತಿಗೆ ಮುಟ್ಟುವುದಿಲ್ಲ. ವೇದಪಾಠಶಾಲೆಗಳಲ್ಲಿ ಪಾಡ್ಯ, ಅಷ್ಟಮಿ, ಚತುರ್ದಶಿಗಳು ಅನಧ್ಯಯನ. ಎತ್ತಿಗೆ, ಉಳಿಗೆ, ಪಾಠಕ್ಕೆ ಬೇರೆ ಬೇರೆ ದಿನ ವಿಶ್ರಾಂತಿ ಸಿಗುತ್ತಿತ್ತು. ಇಡೀ ನಾಡಿಗೆ ಒಂದೇ ದಿನ ಬಾಗಿಲು ಹಾಕುವ ‘ರಜೆ’ ಎಂಬುದು ಇರಲಿಲ್ಲ. ರಜೆ ಇಲ್ಲದ ಕಡೆ ರಜೆಯ ಪಯಣವೂ ಇರಲಾರದು.

ಇದಕ್ಕೆ ಎದುರು ಉದಾಹರಣೆಗಳನ್ನು ಕೊಡಬಹುದು. ಕೊಡಗಿನಲ್ಲಿ ಸುಗ್ಗಿಯ ಹಬ್ಬ ಪುತ್ತರಿಗೆ ಒಕ್ಕದವರೆಲ್ಲ, ಅಂದರೆ ಒಂದೇ ಮನೆತನದವರೆಲ್ಲ, ಮೂಲಮನೆಯಾದ ಐನ್‌ಮನೆಗೆ ಬಂದು ಸೇರಿ ಹೊಸ ಕದಿರು ತರುತ್ತಾರೆ; ಅಲ್ಲಿ ಗಂಡಸರೇ ಮುಂದೆ. ತುಳುನಾಡಿನಲ್ಲಿ ನಾಗತಂಬಿಲಕ್ಕೆ, ದೈವದ ಕೋಲಕ್ಕೆ ಕುಟುಂಬದ ಮನೆಗೆ ಎಲ್ಲರೂ ಸೇರಬೇಕು. ಘಟ್ಟದ ಕಾಫಿ ತೋಟಗಳಿಗೆ ಕರಾವಳಿಯಿಂದ ಹೋದ ಕೂಲಿಗಳು ಮಳೆಗೆ ಮುಂಚೆ ಮನೆಗೆ ಮರಳುತ್ತಿದ್ದರು. ದಂಡಿನ ಸಿಪಾಯಿಗಳೂ ಮರಳುತ್ತಿದ್ದರು. ಇವೆಲ್ಲ ನಿಜವೇ. ಆದರೆ ಐನ್‌ಮನೆಯ, ಕುಟುಂಬದ ಮನೆಯ ಕೂಟ ಮೂಲದಲ್ಲಿ ಒಂದೇ ನಾಡಿನಲ್ಲಿ ಹರಡಿಕೊಂಡ ಬಳಗದ ಕರ್ತವ್ಯ. ಅದರ ದಿನವನ್ನು ನಿಶ್ಚಯಿಸುವುದು ತಿಥಿ, ನಕ್ಷತ್ರ, ಮನೆಯ ಹಿರಿಯರು. ಘಟ್ಟದ ಕೂಲಿಯ ಮರಳುವಿಕೆಯನ್ನು ನಿಶ್ಚಯಿಸುವುದು ಬೆಳೆಯ ಕಾಲಮಾನ, ಸಿಪಾಯಿಯದನ್ನು ಮೇಲಧಿಕಾರಿ. ದುಡಿಮೆಯನ್ನು ಎರಡು ದಿನ ನಿಲ್ಲಿಸಿ, ಸಂಬಳ ಕಡಿಯದೆ, ತಂದೆತಾಯಿಯನ್ನು ನೋಡಿ ಸೋಮವಾರ ಬೆಳಿಗ್ಗೆ ಮತ್ತೆ ಕೆಲಸಕ್ಕೆ ಹಾಜರಾಗುವ ಕ್ರಮಕ್ಕೆ ಇವು ಯಾವುವೂ ಪೂರ್ವಜರಲ್ಲ. ನಿಜ ಹೇಳಬೇಕೆಂದರೆ ಪುತ್ತರಿಯಂಥ ಕೂಟಗಳೂ ಇವತ್ತು ದೂರದ ಮಕ್ಕಳನ್ನು ಸೇರಿಸಿಕೊಂಡು ಬಾಳುತ್ತಿರುವುದು ಈ ಹೊಸ ಕ್ರಮದ ಬಲದಿಂದ.

ಆ ಹೊಸ ಕ್ರಮದ ಮೊದಲ ಕಲ್ಲು ರೈಲು. 1864ರಲ್ಲಿ ಬೆಂಗಳೂರಿಗೆ ಜೋಲಾರಪೇಟೆಯ ಮೂಲಕ ಮದರಾಸಿನ ಸಂಪರ್ಕ ಸಿಕ್ಕಿತು. ಬೆಂಗಳೂರು ಮೈಸೂರು ನಡುವಣ ಮೀಟರ್ ಗೇಜ್ ದಾರಿ 1882ರಲ್ಲಿ ಮೈಸೂರು ಮುಟ್ಟಿತು. 1889ರ ಹೊತ್ತಿಗೆ ಇನ್ನೊಂದು ದಾರಿ ತುಮಕೂರಿನ ಮೇಲೆ ಹರಿಹರದವರೆಗೆ ಹೋಯಿತು. ಎಂಬತ್ತಾರು ಮೈಲಿಯ ಮೈಸೂರು ದಾರಿ ಬಂಡಿಗೆ ಆರೇಳು ದಿನದ್ದು. ರೈಲು ಅದನ್ನು ಒಂದು ಹಗಲಿನೊಳಕ್ಕೆ ತಂದಿತು. ಹೋಗಲು ಒಂದು ವಾರ, ಬರಲು ಒಂದು ವಾರ ಹಿಡಿಯುವ ನಾಡಿನಲ್ಲಿ ಎರಡು ದಿನದ ಭೇಟಿ ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ. ಹಾಗಾಗಿ ಚಿಕ್ಕ ಭೇಟಿಯನ್ನು ಸಂಬಂಧ ಸವೆದದ್ದರ ಗುರುತೆಂದು ಹಳಿಯುವುದು ಸರಿಯಲ್ಲ. ದಾರಿ ಸವೆದದ್ದರಿಂದ ಅದು ಸಾಧ್ಯವಾಯಿತು. ಈ ಮೈಸೂರು ದಾರಿಯ ಬಗ್ಗೆ ಇನ್ನೊಂದು ಸಂಗತಿಯನ್ನು ಮರೆಯಬಾರದು. ಅದರ ಕೆಲಸ ಶುರುವಾದದ್ದು 1877-78ರ ಭೀಕರ ಬರಗಾಲದಲ್ಲಿ, ಬರ ಪರಿಹಾರದ ಕಾಮಗಾರಿಯಾಗಿ. ಆ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಹತ್ತು ಲಕ್ಷ ಜನ ಸತ್ತರೆಂದು ಅಂದಾಜು. ಮನೆ ಮಠ ಬಿಟ್ಟು ಅನ್ನಕ್ಕಾಗಿ ಬಂದವರು ಮಣ್ಣು ಹೊತ್ತು ಹಾಕಿದ ದಾರಿಯ ಮೇಲೆ ಇವತ್ತು ಹಬ್ಬಕ್ಕೆ ಮನೆಗೆ ಹೋಗುವವರು ಕೂತು ಸಾಗುತ್ತಾರೆ.

ಎರಡನೆಯ ಕಲ್ಲು ವಾರದ ರಜೆ. ಕಚೇರಿಗಳಲ್ಲಿ ಇಂಗ್ಲಿಷರ ಭಾನುವಾರ ಮೊದಲೇ ಇತ್ತು. ಗಿರಣಿಯ ಕೂಲಿಗೆ ಅದು ದಕ್ಕಿರಲಿಲ್ಲ. ಅದನ್ನು ಹೋರಾಡಿ ಪಡೆಯಲಾಯಿತು. ಜೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರ ಸಂಘ ಕಟ್ಟಿ ವಾರಕ್ಕೊಂದು ದಿನ ರಜೆ ಬೇಕೆಂದು ಕೇಳಿದರು. 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆ ಒಪ್ಪಿದರು. ಮರುವರ್ಷದ ಕಾರ್ಖಾನೆ ಕಾಯ್ದೆಯಲ್ಲಿ ವಾರದ ರಜೆ ಸೇರಿತು. 1948ರ ಕಾರ್ಖಾನೆ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಭಾನುವಾರ ಖಂಡೋಬನ ವಾರ, ಅಂದು ನಮಗೆ ಬಿಡುವು ಬೇಕು ಎಂಬ ವಾದವನ್ನೂ ಲೋಖಂಡೆಯವರು ಮುಂದಿಟ್ಟಿದ್ದರೆಂದು ಹೇಳುತ್ತಾರೆ. ಆ ಖಂಡೋಬನೇ ನಮ್ಮ ಮೈಲಾರಲಿಂಗ; ಹೂವಿನಹಡಗಲಿಯ ಮೈಲಾರದಿಂದ ದೇವರಗುಡ್ಡ, ಮಂಗಸೂಳಿಯವರೆಗೆ ಅವನ ಒಕ್ಕಲಿದೆ. ಭಾನುವಾರವನ್ನು ಪರದೇಶದ ವಾರವೆಂದು ತಳ್ಳಿಹಾಕುವವರು ಇದನ್ನು ನೆನೆಯಬೇಕು. ಅಧಿಕಾರಿಗೆ ಚರ್ಚಿನಿಂದ ಬಂದ ಭಾನುವಾರ ಕೂಲಿಗೆ ಬಂದದ್ದು ಅವನ ಸಂಘಟನೆಯಿಂದ.

ಮೂರನೆಯದು ಹಬ್ಬದ ರಜೆ. ಅದರ ಕಾನೂನು ಮೂಲ ಬಹಳ ಜನರಿಗೆ ಗೊತ್ತಿಲ್ಲದ ಕಡೆ ಇದೆ. ರಾಜ್ಯ ಸರ್ಕಾರ ಪ್ರತಿವರ್ಷ ಹೊರಡಿಸುವ ಸಾರ್ವತ್ರಿಕ ರಜೆಗಳ ಪಟ್ಟಿಗೆ ಆಧಾರ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೇ ಕಲಮು. ಅದು ಹುಂಡಿ, ಚೆಕ್ಕು, ವಾಗ್ದಾನ ಪತ್ರಗಳ ಕಾಯ್ದೆ. ಹಣ ಕೊಡಬೇಕಾದ ವಾಯಿದೆ ರಜೆಯ ದಿನ ಬಿದ್ದರೆ ಅದಕ್ಕೆ ಹಿಂದಿನ ವ್ಯವಹಾರದ ದಿನವನ್ನೇ ವಾಯಿದೆ ಎಂದು ಹಿಡಿಯಬೇಕು ಎನ್ನುವುದಕ್ಕಾಗಿ ಅಲ್ಲಿ ರಜೆಯ ದಿನಗಳನ್ನು ಗೊತ್ತುಮಾಡಬೇಕಾಯಿತು. ಯುಗಾದಿ, ಆಯುಧಪೂಜೆ, ರಂಜಾನ್, ಕ್ರಿಸ್‌ಮಸ್‌ಗಳು ಇಡೀ ರಾಜ್ಯ ಏಕಕಾಲಕ್ಕೆ ಕದ ಮುಚ್ಚುವ ದಿನಗಳಾದದ್ದು ಹೀಗೆ. ಕಾರ್ಖಾನೆಗಳಿಗೆ 1963ರಲ್ಲಿ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಪ್ರತ್ಯೇಕ ಕಾಯ್ದೆ ಬಂತು. 1985ರಲ್ಲಿ ಕೇಂದ್ರ ಸರ್ಕಾರಿ ಕಚೇರಿಗಳಿಗೆ ವಾರಕ್ಕೆ ಐದೇ ದಿನ ಕೆಲಸ, 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, 2019ರಲ್ಲಿ ರಾಜ್ಯ ಸರ್ಕಾರಿ ನೌಕರರಿಗೂ ನಾಲ್ಕನೇ ಶನಿವಾರ ರಜೆ. ಆ ಶನಿವಾರಕ್ಕೆ ಬದಲಾಗಿ ಅವರ ಸಾಂದರ್ಭಿಕ ರಜೆ ಹದಿನೈದರಿಂದ ಹತ್ತಕ್ಕೆ ಇಳಿಯಿತು. ಬೇಕಾದಾಗ ಹಾಕಿಕೊಳ್ಳುತ್ತಿದ್ದ ದಿನ ಹೋಗಿ ಎಲ್ಲರಿಗೂ ಒಟ್ಟಿಗೆ ಸಿಗುವ ದಿನ ಬಂತು. ವಾರದ ಕೊನೆ ಎಂಬ ಕಾಲದ ತುಂಡು ಹೀಗೆ ಒಂದೊಂದೇ ಆದೇಶದಿಂದ ಜೋಡಣೆಯಾಯಿತು.

ಕಾಲ ಸಿದ್ಧವಾದಂತೆ ಜನರೂ ಊರು ಬಿಟ್ಟರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿತು. ಬೆಂಗಳೂರಿನಲ್ಲಿ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಓಡಾಟ ಆರಂಭಿಸಿತು; ಅದೇ ಮುಂದೆ 1961ರಲ್ಲಿ ನಿಗಮವಾಯಿತು. ರೈಲು ಮುಟ್ಟದ ಹೋಬಳಿಗೂ ಕೆಂಪು ಬಸ್ಸು ಮುಟ್ಟಿತು. ವಾಹನದ ದಾರಿಯೇ ಹಬ್ಬವನ್ನು ಆರಿಸುತ್ತದೆ ಎನ್ನಲು ಕರಾವಳಿಯ ಉದಾಹರಣೆ ಸಾಕು. ಹೊಟೇಲು, ಕ್ಯಾಂಟೀನುಗಳ ಕೆಲಸಕ್ಕೆ ಮುಂಬಯಿಗೆ ಹೋದ ಉಡುಪಿ, ಕುಂದಾಪುರದವರಿಗೆ ಸ್ಟೀಮರೇ ಹತ್ತಿರದ ದಾರಿಯಾಗಿದ್ದ ಕಾಲವಿತ್ತು; ಮಳೆಗಾಲದಲ್ಲಿ ಆ ಹಡಗುಗಳು ನಿಲ್ಲುತ್ತಿದ್ದವು. ಶ್ರಾವಣದ ಹಬ್ಬಗಳಿಗೆ ಊರಿಗೆ ಬರುವ ದಾರಿಯೇ ಅವರಿಗೆ ಮುಚ್ಚಿರುತ್ತಿತ್ತು. 1907ರಲ್ಲಿ ಮಂಗಳೂರಿಗೆ ರೈಲು ಬಂದರೂ ಅದು ಕೇರಳದ ಶೊರನೂರಿನ ಮೇಲೆ ಮದರಾಸಿಗೆ ಹೋಗುವ ರೈಲು. ಹಾಸನದಿಂದ ಘಟ್ಟ ಇಳಿದು ಮಂಗಳೂರಿಗೆ ರೈಲುದಾರಿ ಆದದ್ದು 1979ರಲ್ಲಿ. ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಮಳೆಗಾಲದ ಅಷ್ಟಮಿಗೆ, ಚೌತಿಗೆ ಮುಂಬಯಿಯಿಂದ ರೈಲಿನಲ್ಲಿ ನೇರವಾಗಿ ಉಡುಪಿಗೆ ಬಂದಿಳಿಯುವುದು ಒಂದು ತಲೆಮಾರಿನಷ್ಟು ಹೊಸದು.

ಈಗ ಕಳೆದುಕೊಂಡದ್ದೇನು ಎಂಬ ಪ್ರಶ್ನೆಗೆ ಬರೋಣ. ಈ ಹೊಸ ಕ್ರಮ ಕಟ್ಟಿಕೊಂಡದ್ದು ಯಾರ ಸುತ್ತ? ಸಂಬಳಕ್ಕೆ ಸೇರಿದ ಗಂಡಿನ ಸುತ್ತ. ರಜೆ ಅವನ ಕೆಲಸದಿಂದ, ಟಿಕೆಟ್ಟು ಅವನ ಸಂಬಳದಿಂದ, ‘ಊರು’ ಎಂದರೆ ಅವನು ಹುಟ್ಟಿದ ಊರು. ಹಳೆಯ ಪಯಣದಲ್ಲಿ ಹೆಣ್ಣು ಗಂಡನ ಮನೆಯಿಂದ ತವರಿಗೆ ಹೋಗುತ್ತಿದ್ದಳು. ಹೊಸ ಪಯಣದಲ್ಲಿ ಗಂಡನ ಜೊತೆ ನಗರದ ಮನೆಯಿಂದ ಗಂಡನ ಮನೆಗೆ ಹೋಗುತ್ತಾಳೆ. ಅಲ್ಲಿ ಅವಳು ಹಬ್ಬದ ಅತಿಥಿಯಲ್ಲ, ಹಬ್ಬದ ಅಡುಗೆಯ ಸೊಸೆ. ಒಬ್ಬಟ್ಟಿನ ಹೂರಣ ರುಬ್ಬಿ, ಬಂದವರಿಗೆ ಬಡಿಸಿ, ಪಾತ್ರೆ ತೊಳೆದು ಮುಗಿಯುವ ಹೊತ್ತಿಗೆ ರಾತ್ರಿ ಬಸ್ಸಿನ ಸಮಯವಾಗಿರುತ್ತದೆ. ದಿನಗಳು ಎರಡೇ ಇರುವಾಗ ಎರಡು ಮನೆಗಳಲ್ಲಿ ಒಂದನ್ನು ಬಿಡಬೇಕಾಗುತ್ತದೆ, ಬಿಟ್ಟುಹೋಗುವುದು ಸಾಮಾನ್ಯವಾಗಿ ತವರು. ರಜೆಯ ಪಟ್ಟಿಯಲ್ಲೂ ಇದರ ಗುರುತಿದೆ. ಗಣೇಶ ಚೌತಿ ಸಾರ್ವತ್ರಿಕ ರಜೆ. 1893ರಲ್ಲಿ ತಿಲಕರು ಅದನ್ನು ಬೀದಿಗೆ ತಂದ ಮೇಲೆ ಬೆಳೆದ ಅದರ ಸಾರ್ವಜನಿಕ ತೂಕ ಎಲ್ಲರಿಗೂ ಗೊತ್ತು. ಸ್ವರ್ಣಗೌರಿ ವ್ರತ, ವರಮಹಾಲಕ್ಷ್ಮಿ ವ್ರತಗಳು ಇತ್ತೀಚಿನ ಪಟ್ಟಿಗಳಲ್ಲಿ ಪರಿಮಿತ ರಜೆಗಳು. ಬೇಕಾದವರು ವರ್ಷಕ್ಕೆ ಎರಡನ್ನು ಆರಿಸಿಕೊಳ್ಳಬೇಕಾದ ಗುಂಪಿನವು. ತಾಯಿ ತವರಿಗೆ ಬರುವ ದಿನ ಕಚೇರಿ ತೆರೆದಿರುತ್ತದೆ, ಮಗ ಅವಳನ್ನು ಕರೆದೊಯ್ಯಲು ಬರುವ ದಿನ ರಜೆ ಇರುತ್ತದೆ.

ಇಲ್ಲಿ ಗಂಭೀರವಾದ ಒಂದು ಆಕ್ಷೇಪಣೆ ಏಳುತ್ತದೆ. ತವರಿನ ಕರೆಯನ್ನು ಹಕ್ಕೆಂದು ಹೊಗಳುವುದೇಕೆ? ಆಸ್ತಿಯಲ್ಲಿ ಪಾಲು ಕೊಡದ ಮನೆ ಸೀರೆ ಕುಪ್ಪಸ ಕೊಟ್ಟು ಸಮಾಧಾನ ಮಾಡಿದ ಉಪಾಯ ಅದಲ್ಲವೇ? ಈ ಮಾತಿನಲ್ಲಿ ಸತ್ಯವಿದೆ. ಅಣ್ಣನ ಕರೆಗೆ ಕಾಯಬೇಕಾದವಳು ಸ್ವತಂತ್ರಳಲ್ಲ. ಅಣ್ಣನಿಲ್ಲದ, ತಾಯಿ ತೀರಿಹೋದ ಹೆಣ್ಣುಮಕ್ಕಳ ಪಾಲಿಗೆ ಪಂಚಮಿ ಸಂಕಟದ ದಿನವಾಗಿತ್ತು ಎನ್ನುವುದನ್ನೂ ‘ಗರತಿಯ ಹಾಡು’ ಸಂಕಲನದ ತ್ರಿಪದಿಗಳೇ ಹೇಳುತ್ತವೆ. ಪಾಲಿನ ಹಕ್ಕು ಕಾನೂನಿನಿಂದಲೇ ಬರಬೇಕಾಯಿತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲಿ ತಿದ್ದುಪಡಿ ಮಾಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳನ್ನು ಸಮಾನ ಹಕ್ಕುದಾರರನ್ನಾಗಿ ಮಾಡಿತು. ಕೇಂದ್ರ ಆ ಹೆಜ್ಜೆ ಇಟ್ಟದ್ದು 2005ರಲ್ಲಿ. ಆದರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರು ಇಂದಿಗೂ ಇದ್ದಾರೆ. ಯಾಕೆಂದು ಕೇಳಿದರೆ, ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎನ್ನುತ್ತಾರೆ. ಭೂಮಿಯ ಬೆಲೆಯನ್ನು ಬಿಟ್ಟುಕೊಟ್ಟಾದರೂ ಉಳಿಸಿಕೊಳ್ಳಬೇಕೆನಿಸುವ ವಸ್ತುವನ್ನು ಬರಿಯ ಸಮಾಧಾನದ ಬಹುಮಾನ ಎಂದು ತಳ್ಳಿಹಾಕಲಾಗದು. ತವರಿಗೆ ಹೋಗಿಬರುವುದು, ಆಸ್ತಿಯಲ್ಲಿ ಪಾಲು ಪಡೆಯುವುದು ಎರಡೂ ಅವಳಿಗೆ ಬೇಕು. ಒಂದಕ್ಕೆ ಇನ್ನೊಂದನ್ನು ಬೆಲೆಯಾಗಿ ಕೇಳುವುದು ಅನ್ಯಾಯ.

ಇನ್ನೊಂದು ಆಕ್ಷೇಪಣೆ ಜಾತಿ, ವರ್ಗದ್ದು. ಚಕ್ಕಡಿ, ಬಾಗಿನ, ಹದಿನೈದು ದಿನದ ತವರುವಾಸ ಇವೆಲ್ಲ ಹೊಲ ಮನೆ ಇದ್ದವರ ಭಾಗ್ಯ; ಯುಗಾದಿಯಿಂದ ಯುಗಾದಿಗೆ ಕಾಳಿಗೆ, ಬಟ್ಟೆಗೆ ದುಡಿದ ಜೀತದ ಮನೆಯವರಿಗೆ ಯಾವ ಹಬ್ಬ, ಯಾವ ತವರು ಎಂದು ಕೇಳಬಹುದು. ಕೇಳಲೇಬೇಕು. ಧಣಿಯ ಅನುಮತಿ ಇಲ್ಲದೆ ಊರ ಗಡಿ ದಾಟಲಾಗದವನಿಗೆ ಹಬ್ಬವೆಂದರೆ ಧಣಿಯ ಮನೆಯಲ್ಲಿ ಹೆಚ್ಚಿನ ಕೆಲಸ. ಜೀತ ಪದ್ಧತಿ ಕಾನೂನಿನಲ್ಲಿ ರದ್ದಾದದ್ದು 1976ರಲ್ಲಿ. ಹಳೆಯದನ್ನು ಹಾಗೆಯೇ ಮರಳಿ ತರೋಣ ಎಂದು ಹೇಳಲಾಗದ್ದಕ್ಕೆ ಮುಖ್ಯ ಕಾರಣ ಇದೇ. ವಾರದ ರಜೆಯ ಹಿರಿಮೆ ಇರುವುದು ಅದು ಯಾರ ದಯೆಯನ್ನೂ ಕೇಳುವುದಿಲ್ಲ ಎಂಬುದರಲ್ಲಿ. ಲೋಖಂಡೆಯವರ ಗಿರಣಿ ಕಾರ್ಮಿಕ ಗಳಿಸಿದ ಭಾನುವಾರ ಕಾರಕೂನನಿಗೂ ಜಾಡಮಾಲಿಗೂ ಒಂದೇ ಅಳತೆಯದು. ಆದ್ದರಿಂದ ಕರೆಯಲ್ಲಿದ್ದ ಆದರ ಹಾಗೂ ಕಾನೂನಿನಲ್ಲಿರುವ ಸಮಾನತೆ ಎರಡನ್ನೂ ನಾವು ಉಳಿಸಿಕೊಳ್ಳಬೇಕು. ರಜೆಯ ಕಾನೂನು ಇನ್ನೂ ಮುಟ್ಟದ ಮನೆಗೆಲಸದವರಿಗೆ, ದಿನಗೂಲಿಗಳಿಗೆ ಅದು ಮುಟ್ಟಬೇಕೆಂಬ ಬೇಡಿಕೆಯೂ ಈ ಮಾತಿನೊಳಗೇ ಸೇರಿದೆ.

ಫೋನಿದೆ, ವಿಡಿಯೊ ಇದೆ, ಹೋಗಿಬರುವ ತಾಪತ್ರಯ ಏಕೆ ಎನ್ನುವವರಿಗೆ ಚರಿತ್ರೆಯೇ ಉತ್ತರ ಕೊಟ್ಟಿದೆ. 1880ರಲ್ಲಿ ಅಂಚೆ ಇಲಾಖೆ ಮನಿಯಾರ್ಡರ್ ತಂದಾಗ ಬಾಗಿನದ ದುಡ್ಡನ್ನು ಕೂತಲ್ಲಿಂದಲೇ ಕಳಿಸುವುದು ಸುಲಭವಾಯಿತು. ದುಡ್ಡು ಹೋಯಿತು, ಜನ ಹೋಗುವುದು ನಿಲ್ಲಲಿಲ್ಲ. ಪ್ರತಿ ಹೊಸ ಸಾಧನ ಬಂದ ಮೇಲೂ ಬಸ್ಸು ರೈಲುಗಳ ಗದ್ದಲ ಹೆಚ್ಚಿದೆಯೇ ಹೊರತು ಇಳಿದಿಲ್ಲ. ಇತ್ತೀಚೆಗೆ ಇದಕ್ಕಿಂತ ದೊಡ್ಡ ಬದಲಾವಣೆಯೊಂದು ಆಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಕರ್ನಾಟಕದ ಹೆಣ್ಣುಮಕ್ಕಳು ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲದೆ ಓಡಾಡಬಹುದು. ಆ ಯೋಜನೆಯ ಖರ್ಚು ವೆಚ್ಚದ ಚರ್ಚೆ ಬೇರೆ. ತವರಿನ ಚರಿತ್ರೆಯಲ್ಲಿ ಮಾತ್ರ ಅದಕ್ಕೊಂದು ಸ್ಥಾನವಿದೆ: ಅಣ್ಣನ ಚಕ್ಕಡಿಗೂ ಗಂಡನ ಜೇಬಿಗೂ ಕಾಯದೆ ಹೆಣ್ಣುಮಗಳು ತನ್ನ ತಾಯಿಯ ಮನೆಗೆ ತಾನೇ ಹೊರಡಬಲ್ಲಳು. ದಾರಿಯ ಅಡ್ಡಿ ಹೋಗಿದೆ. ಉಳಿದಿರುವುದು ದಿನದ ಅಡ್ಡಿ, ಮತ್ತು ರಜೆ ಬಂದರೆ ಗಂಡನ ಊರಿಗೇ ಹೋಗಬೇಕು ಎಂಬ ರೂಢಿಯ ಅಡ್ಡಿ. ಈ ರೂಢಿ ಎಷ್ಟು ಹೊಸದು ಎಂಬುದನ್ನು ಮೇಲೆ ನೋಡಿದ್ದೇವೆ. ಅದನ್ನು ಪರಂಪರೆಯ ಹೆಸರಿನಲ್ಲಿ ಕಾಪಾಡುವವರು ಪರಂಪರೆಯನ್ನು ತಲೆಕೆಳಗು ಮಾಡುತ್ತಿದ್ದಾರೆ.

ಹಬ್ಬದ ರಜೆಯಲ್ಲಿ ಬಂಧುಗಳನ್ನು ಕಾಣಲು ಹೋಗುವ ನಮ್ಮ ಪದ್ಧತಿ ಹಾಳಾಗುತ್ತಿದೆ ಎಂಬ ಕೊರಗಿಗೆ ಆಧಾರವಿಲ್ಲ. ಬರಗಾಲದ ಕೂಲಿಗಳು ಹಾಕಿದ ದಾರಿ, ಗಿರಣಿ ಕಾರ್ಮಿಕರು ಗೆದ್ದ ಭಾನುವಾರ ಸೇರಿ ಕಟ್ಟಿದ ಈ ಪದ್ಧತಿ ಗಟ್ಟಿಯಾಗಿಯೇ ಇದೆ. ಅದರೊಳಗೆ ಅದರ ಮೊದಲ ಒಡತಿಗೆ ಜಾಗ ಮಾಡಿಕೊಡುವ ಕೆಲಸ ಬಾಕಿ ಇದೆ. ಗೌರಿಯ ದಿನವನ್ನು ಸಾರ್ವತ್ರಿಕ ರಜೆಯ ಪಟ್ಟಿಗೆ ತರುವುದು ಸರ್ಕಾರದ ಕೈಯಲ್ಲಿದೆ. ಉಳಿದದ್ದು ಮನೆಗಳ ಕೈಯಲ್ಲಿದೆ. ಹೊಸ ವರ್ಷದ ಕ್ಯಾಲೆಂಡರು ಗೋಡೆಗೆ ಬಂದಾಗ ಸಾಲು ರಜೆಗಳಿಗೆ ಗುರುತು ಹಾಕುವವರು ಅವುಗಳಲ್ಲಿ ಅರ್ಧವನ್ನು ಹೆಂಡತಿಯ ತವರಿಗೆಂದು ಬರೆದಿಡಲಿ. ಅಣ್ಣತಮ್ಮಂದಿರು ಪಂಚಮಿಗೆ ಮುಂಚೆ ಅಕ್ಕತಂಗಿಯರನ್ನು ಬಾಯಿತುಂಬ ಕರೆಯಲಿ, ಪಾಲು ಕೊಟ್ಟ ಮೇಲೂ ಕರೆಯಲಿ.